ಒಂದೇ ಸಾಲಿಗೆ 412 ಫೋಟೋ

ಹೋದ ವರ್ಷ ದೀಪಾವಳಿಗೆ ಊರಿಗೆ ಹೊರಟಾಗ ಬಟ್ಟೆಗಿಂತ ಮೊದಲು ಬ್ಯಾಗಿಗೆ ಹಾಕಿಕೊಂಡಿದ್ದು ಒಂದು ಸ್ಕ್ಯಾನರು. ದೊಡ್ಡಪ್ಪನ ಮನೆಯ ಅಟ್ಟದ ಮೇಲೆ ಒಂದು ಹಳೇ ಟ್ರಂಕು ಇದೆ. ಅದರೊಳಗೆ ಮೂರು ಆಲ್ಬಮ್ಮು, ಜೊತೆಗೆ ಒಂದು ಬಿಸ್ಕತ್ ಡಬ್ಬಿಯ ತುಂಬ ಬಿಡಿ ಫೋಟೋಗಳು. ಮಲೆನಾಡಿನ ಮಳೆ, ಒಲೆಯ ಹೊಗೆ, ಗೆದ್ದಲು... ಇನ್ನೊಂದು ಹತ್ತು ವರ್ಷ ಬಿಟ್ಟರೆ ಟ್ರಂಕು ಮಾತ್ರ ಉಳಿಯುತ್ತೆ ಅನ್ನಿಸಿತ್ತು. ಹಬ್ಬದ ಮೂರು ದಿನವೂ ಜಗಲಿಯಲ್ಲಿ ಕೂತು ಒಂದೊಂದಾಗಿ ಸ್ಕ್ಯಾನ್ ಮಾಡಿದೆ. ಕೊನೆಗೆ ಎಣಿಸಿದಾಗ ಒಟ್ಟು 412.

ಸ್ಕ್ಯಾನ್ ಮಾಡೋದು ಸುಲಭ. ಕಷ್ಟ ಇರೋದು ಆಮೇಲೆ. ಕಪ್ಪು-ಬಿಳುಪು ಫೋಟೋಗಳೆಲ್ಲ ಹಳದಿಗಟ್ಟಿದ್ದವು. ಅಪ್ಪನ ಕಾಲೇಜು ದಿನಗಳ ಕಲರ್ ಫೋಟೋಗಳಲ್ಲಿ ಎಲ್ಲರೂ ಕೆಂಪು ಕೆಂಪು, ಸಂಜೆ ಬಿಸಿಲಲ್ಲಿ ನಿಂತ ಹಾಗೆ. (ಕಲರ್ ಪ್ರಿಂಟಿನಲ್ಲಿ ಸಯಾನ್, ಮಜೆಂಟಾ, ಹಳದಿ ಅಂತ ಮೂರು ಬಣ್ಣದ ಪದರಗಳಿರುತ್ತವೆ. ಆ ಕಾಲದ ಎಷ್ಟೋ ಪ್ರಿಂಟುಗಳಲ್ಲಿ ಸಯಾನ್ ಬೇಗ ಮಾಸುತ್ತಿತ್ತು. ನೀಲಿ-ಹಸಿರು ಹೋದ ಮೇಲೆ ಉಳಿಯೋದು ಕೆಂಪು ತಾನೇ?) ಒಂದೊಂದನ್ನೂ ಗಿಂಪ್‌ನಲ್ಲಿ ತೆರೆದು, ಓರೆಯಾಗಿದ್ದರೆ ನೆಟ್ಟಗೆ ಮಾಡಿ, ಅಂಚು ಕತ್ತರಿಸಿ, ಬಣ್ಣ ಸರಿಮಾಡಿ, ಸೇವ್ ಮಾಡೋಕೆ ಆರು ನಿಮಿಷ ಬೇಕು. 412 ಫೋಟೋಗೆ ಲೆಕ್ಕ ಹಾಕಿ ನೋಡಿ, 41 ಗಂಟೆ! ಆಫೀಸು, ಟ್ರಾಫಿಕ್ಕು, ನಿದ್ದೆ ಎಲ್ಲ ಕಳೆದು ಉಳಿಯೋ ನನ್ನ ವಾರದಲ್ಲಿ 41 ಗಂಟೆ ಎಲ್ಲಿಂದ ತರಲಿ?

ಹಾಗಾಗಿ ಫೋಲ್ಡರು ಹಾಗೇ ಬಿದ್ದಿತ್ತು. ಈ ವರ್ಷ ಗಣೇಶನ ಹಬ್ಬದ ರಜೆಯಲ್ಲಿ ನೆನಪಾಯಿತು. ಇಂಜಿನಿಯರ್ ಅಂದಮೇಲೆ ಒಂದೇ ಕೆಲಸವನ್ನ 412 ಸಲ ಕೈಯಲ್ಲಿ ಮಾಡಿದರೆ ಮರ್ಯಾದೆ ಹೋಗಲ್ವಾ? :) ಅದಕ್ಕೇ ಇರೋದು ಬ್ಯಾಚ್ ಪ್ರೊಸೆಸಿಂಗ್. ಪಂಕ್ತಿ ಊಟ ಇದ್ದ ಹಾಗೆ. ಸಾಲಾಗಿ ಎಲೆ ಹಾಕಿ, ಒಂದು ಕಡೆಯಿಂದ ಬಡಿಸುತ್ತಾ ಹೋಗೋದು. ಯಾರಿಗೆ ಏನು ಬೇಕು ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ನಿಂತರೆ ಊಟ ಮುಗಿಯೋದು ಯಾವಾಗ? ಟರ್ಮಿನಲ್ ತೆರೆದೆ, ಒಂದು ಸಾಲು ಟೈಪ್ ಮಾಡಿದೆ, ಎಂಟರ್ ಒತ್ತಿದೆ. ಕಾಫಿ ಮಾಡಿಕೊಂಡು ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು.

ಆ ಒಂದು ಸಾಲು ನಮ್ಮ ಮನೆಯಲ್ಲಿ ಏನು ಅನಾಹುತ ಮಾಡಿತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಅದಾದ ಮೇಲೆ ನಾನು ಯೋಚನೆಗೆ ಬಿದ್ದೆ. ನಾನು ಒಂದು ಪೈಸೆ ಕೊಡದೆ ಬಳಸಿದ ಈ ಸಾಫ್ಟ್‌ವೇರುಗಳು ಎಲ್ಲಿಂದ ಬಂದವು? ಯಾರು ಬರೆದರು, ಯಾಕೆ ಬರೆದರು, ಯಾಕೆ ಸುಮ್ಮನೆ ಕೊಟ್ಟರು? ಕೆದಕುತ್ತಾ ಹೋದ ಹಾಗೆ ನನ್ನ ತಪ್ಪಿನ ಬೇರು ಕೂಡ ಅಲ್ಲೇ ಸಿಕ್ಕಿತು.

*

ಕತೆ ಶುರುವಾಗೋದು 1957ರಲ್ಲಿ. ಅಮೆರಿಕದಲ್ಲಿ ಅಳತೆ-ತೂಕಗಳ ಪ್ರಮಾಣ ನೋಡಿಕೊಳ್ಳುವ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ಎಂಬ ಸರ್ಕಾರಿ ಸಂಸ್ಥೆ ಇತ್ತು (ಈಗ ಅದು ನಿಸ್ಟ್). 1950ರಿಂದ ಅಲ್ಲಿ ಸೀಯಾಕ್ ಎಂಬ ಕಂಪ್ಯೂಟರು ಕೆಲಸ ಮಾಡುತ್ತಿತ್ತು. ಲೆಕ್ಕ ಮಾಡೋದೇ ಅದರ ಕೆಲಸ. ಅಲ್ಲಿದ್ದ ರಸೆಲ್ ಕಿರ್ಶ್ ಎಂಬ ಇಂಜಿನಿಯರಿಗೆ ಒಂದು ಪ್ರಶ್ನೆ ಹುಟ್ಟಿತು: ನಾವು ನೋಡುವುದನ್ನ ಈ ಯಂತ್ರವೂ ನೋಡುವಂತಿದ್ದರೆ? ಆಗ ಅವನಿಗೆ ಇಪ್ಪತ್ತೆಂಟರ ಆಸುಪಾಸು, ಹೆಚ್ಚುಕಡಿಮೆ ನನ್ನದೇ ವಯಸ್ಸು.

ತಿರುಗುವ ಒಂದು ಉರುಳೆಗೆ ಫೋಟೋ ಅಂಟಿಸಿ, ಅದರ ಮೇಲೆ ಬೆಳಕು ಬಿಟ್ಟು, ವಾಪಸ್ ಬರುವ ಬೆಳಕನ್ನ ಚುಕ್ಕೆ ಚುಕ್ಕೆಯಾಗಿ ಅಳೆಯುವ ಯಂತ್ರವನ್ನ ಅವನು ಮತ್ತು ಅವನ ಜೊತೆಗಾರರು ಕಟ್ಟಿದರು. ಮೊದಲು ಯಾವ ಫೋಟೋ ಹಾಕಿದರು ಅಂತೀರಿ? ಕ್ಷಿಪಣಿಯದೂ ಅಲ್ಲ, ನಕ್ಷೆಯದೂ ಅಲ್ಲ. ಕಿರ್ಶ್ ತನ್ನ ಮೂರು ತಿಂಗಳ ಮಗ ವಾಲ್ಡನ್‌ನ ಫೋಟೋ ತಂದಿದ್ದ! ಐದು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಸ್ಕ್ಯಾನ್ ಆದಾಗ 176 ಅಡ್ಡ, 176 ಉದ್ದ, ಒಟ್ಟು 30,976 ಚುಕ್ಕೆ. ನಾನು ಊರಲ್ಲಿ 600 ಡಿಪಿಐಗೆ ಇಟ್ಟು ಸ್ಕ್ಯಾನ್ ಮಾಡಿದ ಆರು ಇಂಚು-ನಾಲ್ಕು ಇಂಚಿನ ಒಂದು ಫೋಟೋದಲ್ಲಿ 86 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ. ಆದರೂ ಕಂಪ್ಯೂಟರಿನ ಒಳಹೊಕ್ಕ ಮೊದಲ ಫೋಟೋ ಒಂದು ಮನೆಯ ಮಗುವಿನದ್ದು ಅಂತ ಓದಿದಾಗ, ಜಗಲಿಯಲ್ಲಿ ಕೂತು ನಾನು ಮಾಡಿದ್ದು ಹೊಸದೇನಲ್ಲ ಅನ್ನಿಸಿ ಖುಷಿಯಾಯಿತು.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಕಿರ್ಶ್‌ನ ಯಂತ್ರಕ್ಕೆ ಗೊತ್ತಿದ್ದದ್ದು ಎರಡೇ: ಕಪ್ಪು, ಇಲ್ಲಾ ಬಿಳುಪು. ಇಷ್ಟಕ್ಕಿಂತ ಹೆಚ್ಚು ಬೆಳಕಿದ್ದರೆ ಬಿಳುಪು, ಕಡಿಮೆ ಇದ್ದರೆ ಕಪ್ಪು. ನಡುವಿನ ಬೂದುಬಣ್ಣಗಳೆಲ್ಲ ಕಸದ ಬುಟ್ಟಿಗೆ. ಮಗುವಿನ ಮುಖಕ್ಕೆ ಮೃದುತನ ಬರಬೇಕಾದರೆ ಅದೇ ಫೋಟೋವನ್ನ ಬೇರೆ ಬೇರೆ ಮಿತಿ ಇಟ್ಟು ಹಲವು ಸಲ ಸ್ಕ್ಯಾನ್ ಮಾಡಿ, ಒಂದರ ಮೇಲೊಂದು ಸೇರಿಸಬೇಕಾಯಿತು. ಅಂದರೆ ಮೊದಲ ದಿನದಿಂದಲೇ ಪ್ರಶ್ನೆ ಇದೇ ಆಗಿತ್ತು: ಫೋಟೋದಲ್ಲಿ ಯಾವುದನ್ನ ಉಳಿಸಿಕೊಳ್ಳೋದು, ಯಾವುದನ್ನ ಎಸೆಯೋದು?

ಚುಕ್ಕೆಗಳನ್ನ ಚೌಕಾಕಾರ ಮಾಡಿದ್ದು ತಪ್ಪಾಯಿತು ಅಂತ ಕಿರ್ಶ್‌ಗೆ ಮುಂದೆ ಅನ್ನಿಸಿತಂತೆ. ಎಂಬತ್ತು ದಾಟಿದ ಮೇಲೂ, 2010ರ ಹೊತ್ತಿಗೆ, ಬೇರೆ ಆಕಾರದ ಚುಕ್ಕೆಗಳಿಂದ ಚಿತ್ರ ಕಟ್ಟುವ ಪ್ರಯೋಗ ಮಾಡುತ್ತಿದ್ದ. 2020ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡ. ತನ್ನ ಐವತ್ತು ವರ್ಷ ಹಳೇ ಬಗ್ ಅನ್ನ ತಾನೇ ಸರಿಮಾಡೋಕೆ ಕೂತ ಇಂಜಿನಿಯರು! ನಾವು ಹೋದ ತಿಂಗಳು ಬರೆದ ಕೋಡನ್ನೇ ಇದು ನಂದಲ್ಲ ಅನ್ನೋ ಜನ.

*

ಮುಂದಿನ ನಿಲ್ದಾಣ 1980ರ ದಶಕ. ಆಗಿನ ಇಮೇಲು ಅಕ್ಷರಗಳನ್ನ ಮಾತ್ರ ನಂಬಿಕೆಯಿಂದ ತಲುಪಿಸುತ್ತಿತ್ತು. ಚಿತ್ರದ ಫೈಲು ಕಳಿಸಿದರೆ ದಾರಿಯಲ್ಲಿ ಕೆಟ್ಟುಹೋಗುವ ಸಾಧ್ಯತೆಯೇ ಹೆಚ್ಚು. ಜೆಫ್ ಪೊಸ್ಕಾಂಜರ್ ಎಂಬ ಪ್ರೋಗ್ರಾಮರ್ ಒಂದು ಸರಳ ಉಪಾಯ ಮಾಡಿದ. ಚಿತ್ರವನ್ನೇ ಅಕ್ಷರಗಳಲ್ಲಿ ಬರೆದರೆ ಹೇಗೆ? ಕಪ್ಪು ಚುಕ್ಕೆಗೆ 1, ಬಿಳಿ ಚುಕ್ಕೆಗೆ 0. ಚಿಕ್ಕ ಮಕ್ಕಳಿಗೂ ಅರ್ಥವಾಗುವಂಥದ್ದು. ಅದೇ ಪಿಬಿಎಂ. ಆಮೇಲೆ ಬೂದುಬಣ್ಣಕ್ಕೆ ಪಿಜಿಎಂ, ಬಣ್ಣಕ್ಕೆ ಪಿಪಿಎಂ ಬಂದವು. ಇವನ್ನ ನಿಭಾಯಿಸುವ ಚಿಕ್ಕ ಚಿಕ್ಕ ಪ್ರೋಗ್ರಾಮುಗಳ ಕಟ್ಟನ್ನ 1988ರಲ್ಲಿ ಪಿಬಿಎಂಪ್ಲಸ್ ಅಂತ ಹೆಸರಿಟ್ಟು ಎಲ್ಲರಿಗೂ ಬಿಟ್ಟುಕೊಟ್ಟ.

ಇದರಲ್ಲಿ ಇನ್ನೊಂದು ಜಾಣತನ ಇತ್ತು. ಲೋಕದಲ್ಲಿ 20 ಬಗೆಯ ಚಿತ್ರದ ಫೈಲುಗಳಿವೆ ಅಂದುಕೊಳ್ಳಿ. ಯಾವುದರಿಂದ ಯಾವುದಕ್ಕೆ ಬೇಕಾದರೂ ಬದಲಾಯಿಸೋಕೆ 380 ಪ್ರೋಗ್ರಾಮು ಬರೀಬೇಕು. ಅದರ ಬದಲು ಎಲ್ಲವನ್ನೂ ಮೊದಲು ನಡುವಿನ ಒಂದು ಸರಳ ರೂಪಕ್ಕೆ ತಂದು, ಅಲ್ಲಿಂದ ಬೇಕಾದ ಕಡೆ ಒಯ್ದರೆ? 40 ಸಾಕು! ಸಂತೆಯಲ್ಲಿ ದುಡ್ಡು ಮಾಡುವ ಕೆಲಸವನ್ನ ಇಲ್ಲಿ ಪಿಪಿಎಂ ಮಾಡಿತು. ಅಕ್ಕಿ ಕೊಟ್ಟು ಬಟ್ಟೆ ತರೋಕೆ ಅಕ್ಕಿ ಬೇಕಾದ ನೇಕಾರನನ್ನೇ ಹುಡುಕಬೇಕಾಗಿಲ್ಲ. ಯುನಿಕ್ಸ್‌ನಲ್ಲಿ 1973ರಿಂದಲೇ ಪೈಪು ಇತ್ತು. ಒಂದು ಪ್ರೋಗ್ರಾಮಿನ ಬಾಯಿಂದ ಬಂದದ್ದು ನೇರ ಇನ್ನೊಂದರ ಕಿವಿಗೆ. ಹೀಗೆ ಚಿಕ್ಕ ಪ್ರೋಗ್ರಾಮುಗಳನ್ನ ಮಣಿ ಪೋಣಿಸಿದ ಹಾಗೆ ಪೋಣಿಸಿ, ಮೇಲೊಂದು ಲೂಪು ಹಾಕಿದರೆ ನೂರಾರು ಫೋಟೋ ತಾವಾಗೇ ಸಾಗುತ್ತಿದ್ದವು. ಪೊಸ್ಕಾಂಜರ್ 1991ರ ಡಿಸೆಂಬರ್‌ನಲ್ಲಿ ಕೊನೆಯ ಆವೃತ್ತಿ ಬಿಟ್ಟ ಮೇಲೆ ಬೇರೆಯವರು ಅದನ್ನ ಎತ್ತಿಕೊಂಡರು. 1993ರಲ್ಲಿ ಅದು ನೆಟ್‌ಪಿಬಿಎಂ ಆಯಿತು. ಇವತ್ತಿಗೂ ಬದುಕಿದೆ. ಅದರಲ್ಲೀಗ ಮುನ್ನೂರಕ್ಕೂ ಹೆಚ್ಚು ಪ್ರೋಗ್ರಾಮುಗಳಿವೆ.

*

ನಾನು ಬಳಸಿದ್ದು ಇಮೇಜ್‌ಮ್ಯಾಜಿಕ್. ಅದರ ಹುಟ್ಟಿನ ಕತೆ ನನಗೆ ಎಲ್ಲಕ್ಕಿಂತ ಇಷ್ಟವಾಯಿತು.

1987. ಡ್ಯೂಪಾಂಟ್ ಎಂಬ ರಾಸಾಯನಿಕ ಕಂಪನಿಯಲ್ಲಿ ಜಾನ್ ಕ್ರಿಸ್ಟಿ ಅಂತ ಒಬ್ಬ ಪ್ರೋಗ್ರಾಮರ್. ಕಂಪ್ಯೂಟರಿನಲ್ಲಿ ತಯಾರಾದ ಚಿತ್ರಗಳಲ್ಲಿ 1 ಕೋಟಿ 67 ಲಕ್ಷ ಬಣ್ಣಗಳವರೆಗೂ ಇರಬಹುದು. ತೋರಿಸಬೇಕಾದ ಪರದೆಗೆ ಮಾತ್ರ ಒಂದು ಸಲಕ್ಕೆ 256 ಬಣ್ಣ ಸಾಕು ಅನ್ನೋ ಹಟ. ಯಾವ 256 ಉಳಿಸೋದು? ಮತ್ತದೇ ಪ್ರಶ್ನೆ ನೋಡಿ, ಯಾವುದನ್ನ ಎಸೆಯೋದು! ಕ್ರಿಸ್ಟಿಗೆ ಉತ್ತರ ಗೊತ್ತಿರಲಿಲ್ಲ. ಯೂಸ್‌ನೆಟ್‌ನಲ್ಲಿ ಕೇಳಿದ. ಆ ಕಾಲದ ಕಂಪ್ಯೂಟರ್ ಮಂದಿಯ ಜಗಲಿಕಟ್ಟೆ ಅದು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯೊಂದರಲ್ಲಿದ್ದ ಪಾಲ್ ರೇವ್ಲಿಂಗ್ ಉತ್ತರ ಕೊಟ್ಟ. ಉತ್ತರ ಮಾತ್ರ ಅಲ್ಲ, ಕೆಲಸ ಮಾಡುವ ಕೋಡನ್ನೇ ಕೊಟ್ಟ. ಬಿಟ್ಟಿಯಾಗಿ.

ಕ್ರಿಸ್ಟಿ ಮುಂದಿನ ವರ್ಷಗಳಲ್ಲಿ ಆ ಕೆಲಸವನ್ನ ಬೆಳೆಸಿದ. ಬೆಳೆದ ಮೇಲೆ, ಕಟ್ಟೆಯಿಂದ ತಗೊಂಡಿದ್ದನ್ನ ಕಟ್ಟೆಗೇ ವಾಪಸ್ ಕೊಡಬೇಕು ಅನ್ನಿಸಿತು. ಕಂಪನಿಯೂ ಒಪ್ಪಿ ಹಕ್ಕು ಬಿಟ್ಟುಕೊಟ್ಟಿತು. 1990ರ ಆಗಸ್ಟ್ 1ರಂದು ಇಮೇಜ್‌ಮ್ಯಾಜಿಕ್ ಯೂಸ್‌ನೆಟ್‌ನಲ್ಲಿ ಎಲ್ಲರಿಗೂ ಸಿಕ್ಕಿತು. ನಮ್ಮಲ್ಲಿ ಋಣ ಅಂತಾರಲ್ಲ, ಅದೇ. ಒಬ್ಬನಿಂದ ಪಡೆದದ್ದಕ್ಕೆ ಸಾವಿರ ಜನಕ್ಕೆ ತೀರಿಸಿದ. ಆ ಸಾವಿರ ಜನರಲ್ಲಿ ಮೂವತ್ತೈದು ವರ್ಷ ಆದಮೇಲೆ ಬಂದ ನಾನೂ ಒಬ್ಬ.

ಇಮೇಜ್‌ಮ್ಯಾಜಿಕ್ ಒಂದೇ ಪ್ರೋಗ್ರಾಮಲ್ಲ, ಒಂದು ಸಂಸಾರ. 'ಐಡೆಂಟಿಫೈ' ಅನ್ನೋದು ಫೈಲಿನ ಜಾತಕ ಹೇಳುತ್ತೆ. 'ಕನ್ವರ್ಟ್' ಒಂದು ಫೈಲು ತಗೊಂಡು ತಿದ್ದಿ ಇನ್ನೊಂದಕ್ಕೆ ಬರೆಯುತ್ತೆ. 'ಮಾಂಟಾಜ್' ಹತ್ತಾರು ಫೋಟೋಗಳನ್ನ ಚಿಕ್ಕದಾಗಿ ಒಂದೇ ಹಾಳೆಯಲ್ಲಿ ಜೋಡಿಸಿ ಕೊಡುತ್ತೆ. ಇನ್ನೊಂದಿದೆ, 'ಮಾಗ್ರಿಫೈ'. ಫೋಲ್ಡರಿನಲ್ಲಿರುವ ಅಷ್ಟೂ ಫೋಟೋಗಳನ್ನ ಒಂದೇ ಏಟಿಗೆ ತಿದ್ದಿ, ಬೇರೆ ಜಾಗ ಹೇಳದಿದ್ದರೆ, ಹಳೆಯದರ ಮೇಲೇ ಬರೆದುಬಿಡುತ್ತೆ. ಇದನ್ನ ಯಾರೂ ಮುಚ್ಚಿಟ್ಟಿಲ್ಲ, ಕೈಪಿಡಿಯಲ್ಲಿ ಸ್ಪಷ್ಟವಾಗೇ ಬರೆದಿದ್ದಾರೆ. ಕೈಪಿಡಿ ಓದದ ಇಂಜಿನಿಯರುಗಳ ಬಗ್ಗೆ ಮಾತ್ರ ಅದರಲ್ಲಿ ಬರೆದಿಲ್ಲ :)

*

ಜೆಪೆಗ್ ಕತೆಯನ್ನೂ ಎರಡು ಮಾತಲ್ಲಿ ಹೇಳಿಬಿಡ್ತೀನಿ. 1992ರಲ್ಲಿ ಅದು ಅಧಿಕೃತ ಮಾನದಂಡವಾಯಿತು. ಆದರೆ ಕಾಗದದ ಮೇಲಿನ ಮಾನದಂಡದಿಂದ ಫೋಟೋ ತೆರೆಯಲ್ಲ, ಕೋಡು ಬೇಕು. ಅದಕ್ಕೂ ಮುಂಚೆಯೇ, 1991ರಲ್ಲಿ, ಟಾಮ್ ಲೇನ್ ಮುಂದಾಳತ್ವದ ಇಂಡಿಪೆಂಡೆಂಟ್ ಜೆಪೆಗ್ ಗ್ರೂಪ್ ಎಂಬ ಉತ್ಸಾಹಿಗಳ ಗುಂಪು ಕೋಡು ಬರೆದು ಉಚಿತವಾಗಿ ಹಂಚಿತು. ಜೆಪೆಗ್ ಜಗತ್ತಿಗೆಲ್ಲ ಹರಡಿದ್ದರಲ್ಲಿ ಆ ಗುಂಪಿನ ಪಾಲು ದೊಡ್ಡದು. ನಮ್ಮ ಕಣ್ಣು ಬೆಳಕು-ನೆರಳಿನ ವ್ಯತ್ಯಾಸವನ್ನ ಗುರುತಿಸಿದಷ್ಟು ಚೆನ್ನಾಗಿ ಬಣ್ಣದ ವ್ಯತ್ಯಾಸವನ್ನ ಗುರುತಿಸಲ್ಲ. ಹಾಗಾಗಿ ಜೆಪೆಗ್ ಸಾಮಾನ್ಯವಾಗಿ ಬೆಳಕಿನ ವಿವರವನ್ನ ಹೆಚ್ಚು ಇಟ್ಟುಕೊಂಡು ಬಣ್ಣದ ವಿವರವನ್ನ ಕಡಿಮೆ ಮಾಡುತ್ತೆ. ಇಲ್ಲೂ ಎಸೆಯೋದೇ. ಎಸೆದದ್ದು ಗೊತ್ತಾಗದ ಹಾಗೆ ಎಸೆಯೋದು ಅದರ ಜಾಣ್ಮೆ.

ಜಿಫ್‌ನದು ಬೇರೆ ಗಲಾಟೆ. ಅದರೊಳಗಿದ್ದ ಎಲ್‌ಝಡ್‌ಡಬ್ಲ್ಯೂ ಎಂಬ ಸಂಕೋಚನ ವಿಧಾನದ ಪೇಟೆಂಟು ಯುನಿಸಿಸ್ ಕಂಪನಿಯದು. ಜಿಫ್ ಬಳಸುವ ಸಾಫ್ಟ್‌ವೇರುಗಳು ಶುಲ್ಕ ಕೊಡಬೇಕು ಅಂತ 1994ರ ಕೊನೆಯಲ್ಲಿ ಸುದ್ದಿ ಬಂತು. ದುಡ್ಡಿಲ್ಲದೆ ಹಂಚುವವರು ಶುಲ್ಕ ಎಲ್ಲಿಂದ ಕೊಡ್ತಾರೆ? 1995ರ ಜನವರಿಯಲ್ಲೇ ಯೂಸ್‌ನೆಟ್ ಮಂದಿ ಸೇರಿ ಯಾರಪ್ಪನ ಹಂಗೂ ಇಲ್ಲದ ಹೊಸ ಫೈಲಿನ ರೂಪ ಕಟ್ಟೋಕೆ ಕೂತರು. ಅದೇ ಪಿಎನ್‌ಜಿ. 1996ರ ಅಕ್ಟೋಬರ್‌ನಲ್ಲಿ ಅದಕ್ಕೆ ಡಬ್ಲ್ಯೂ3ಸಿ ಮುದ್ರೆ ಬಿತ್ತು. ಜಿಫ್‌ನ ಹಾಗೆ 256 ಬಣ್ಣದ ಮಿತಿ ಇಲ್ಲ, ಜೆಪೆಗ್‌ನ ಹಾಗೆ ಏನನ್ನೂ ಎಸೆಯೋದೂ ಇಲ್ಲ. ಅಮೆರಿಕದಲ್ಲಿ ಆ ಪೇಟೆಂಟಿನ ಅವಧಿ 2003ರ ಜೂನ್‌ನಲ್ಲಿ ಮುಗಿಯಿತು. ಅಷ್ಟರಲ್ಲಿ ಪಿಎನ್‌ಜಿ ಗಟ್ಟಿಯಾಗಿ ಬೇರು ಬಿಟ್ಟಿತ್ತು.

ಇನ್ನು ಗಿಂಪ್. ಬರ್ಕ್ಲಿಯಲ್ಲಿ ಓದುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ಹುಡುಗರು. ಕಂಪೈಲರ್ ಕ್ಲಾಸಿನ ಪ್ರಾಜೆಕ್ಟು ಕೈಕೊಟ್ಟಿತು. ಆ ಬೇಸರದಲ್ಲಿ ಚಿತ್ರ ತಿದ್ದುವ ಪ್ರೋಗ್ರಾಮು ಬರೆಯೋಕೆ ಕೂತರು. 1995ರ ನವೆಂಬರ್‌ನಲ್ಲಿ ಯೂಸ್‌ನೆಟ್‌ನಲ್ಲಿ ಸುದ್ದಿ ಕೊಟ್ಟರು, 1996ರ ಆರಂಭದಲ್ಲಿ ಜನರ ಕೈಗಿಟ್ಟರು. ಅವರಿದ್ದ ವಿದ್ಯಾರ್ಥಿ ಕೂಟದ ಹೆಸರು ಎಕ್ಸ್‌ಪೆರಿಮೆಂಟಲ್ ಕಂಪ್ಯೂಟಿಂಗ್ ಫೆಸಿಲಿಟಿ. ಇವತ್ತಿಗೂ ಗಿಂಪ್‌ನಲ್ಲಿ ಫೈಲು ಸೇವ್ ಮಾಡಿದರೆ ಹೆಸರಿನ ಕೊನೆಗೆ ಬರುವ ಎಕ್ಸ್‌ಸಿಎಫ್ ಅದೇ. ಬಟನ್ನು, ಕಿಟಕಿ, ಮೆನು ಬರೆಯೋಕೆ ಅವರೇ ಮಾಡಿಕೊಂಡ ಜಿಟಿಕೆ ಎಂಬ ಸಾಮಗ್ರಿಯ ಮೇಲೆ 1997ರಲ್ಲಿ ಶುರುವಾದ ಗ್ನೋಮ್ ಡೆಸ್ಕ್‌ಟಾಪೇ ಎದ್ದು ನಿಂತಿತು. ಲಿನಕ್ಸ್‌ನ ಪೆಂಗ್ವಿನ್ ಇದೆಯಲ್ಲ, ಅದನ್ನ ಲ್ಯಾರಿ ಈವಿಂಗ್ 1996ರಲ್ಲಿ ಬಿಡಿಸಿದ್ದೂ ಗಿಂಪ್‌ನಲ್ಲೇ. ಓದು ಮುಗಿಸಿ ಇಬ್ಬರೂ ಹೊರಟುಹೋದರು, ಬೇರೆಯವರು ಹೆಗಲು ಕೊಟ್ಟರು. 1998ರ ಜೂನ್‌ನಲ್ಲಿ 1.0 ಬಂತು. ಬ್ಯಾಚ್ ಕೆಲಸಕ್ಕೆ ಅದರೊಳಗೆ ಸ್ಕ್ರಿಪ್ಟ್-ಫೂ ಇತ್ತು. ಹೊಸಬರಿಗೆ ಆವರಣ ಚಿಹ್ನೆಗಳ ಕಾಡು. ಅದಕ್ಕೇ ಆಮೇಲೆ ಯಾರೋ ಪುಣ್ಯಾತ್ಮರು ಮೌಸಿನಲ್ಲೇ ಮುಗಿಸುವಂಥ ಪ್ಲಗಿನ್ ಬರೆದರು. ಮೊದಲು ಡೇವಿಡ್ಸ್ ಬ್ಯಾಚ್ ಪ್ರೊಸೆಸರ್, ಆಮೇಲೆ ಬಿಂಪ್.

(ಡೇಟಾಬೇಸ್ ಮಂದಿಗೆ ಒಂದು ಮಜಾ ಸಂಗತಿ: ಜೆಪೆಗ್‌ನ ಟಾಮ್ ಲೇನ್ ಮುಂದೆ ಪೋಸ್ಟ್‌ಗ್ರೆಸ್‌ನ ದೊಡ್ಡ ತಲೆಗಳಲ್ಲಿ ಒಬ್ಬರಾದರು. ಗಿಂಪ್‌ನ ಕಿಂಬಲ್ ಮತ್ತು ಮ್ಯಾಟಿಸ್ 2015ರಲ್ಲಿ ಇನ್ನೊಬ್ಬರ ಜೊತೆ ಸೇರಿ ಕಾಕ್ರೋಚ್ ಲ್ಯಾಬ್ಸ್ ಕಟ್ಟಿದರು. ನಾನು ಆಫೀಸಿನಲ್ಲಿ ದಿನಾ ಗುದ್ದಾಡುವ ಡೇಟಾಬೇಸಿನ ಹಿಂದೆಯೂ ಫೋಟೋ ಮಂದಿಯೇ!)

ವಿಂಡೋಸ್‌ನವರಿಗೆ 1996ರಿಂದ ಇರ್ಫಾನ್‌ವ್ಯೂ ಇದೆ. ಬೋಸ್ನಿಯಾ ಮೂಲದ ಇರ್ಫಾನ್ ಸ್ಕಿಲ್ಯಾನ್ ಬರೆದದ್ದು. ಮನೆ ಬಳಕೆಗೆ ದುಡ್ಡು ಕೊಡಬೇಕಾಗಿಲ್ಲ, ಬ್ಯಾಚ್ ಕೆಲಸಕ್ಕೂ ಒಳ್ಳೇದು. ಆದರೆ ಅದರ ಕೋಡು ತೆರೆದಿಟ್ಟಿಲ್ಲ. ಇಂಗ್ಲಿಷಿನವರು ಇವೆರಡಕ್ಕೂ ಫ್ರೀ ಅನ್ನೋ ಒಂದೇ ಪದ ಇಟ್ಟುಕೊಂಡು ಒದ್ದಾಡುತ್ತಾರೆ. ನಮಗೆ ಆ ಕಷ್ಟ ಇಲ್ಲ. ಇರ್ಫಾನ್‌ವ್ಯೂ ಉಚಿತ, ಗಿಂಪ್ ಉಚಿತವೂ ಹೌದು, ಮುಕ್ತವೂ ಹೌದು.

*

ಈಗ ನನ್ನ ಅನಾಹುತಕ್ಕೆ ಬರ್ತೀನಿ.

ಹಳದಿಗಟ್ಟಿದ ಕಪ್ಪು-ಬಿಳುಪು ಫೋಟೋಗಳನ್ನೆಲ್ಲ ಒಂದು ಫೋಲ್ಡರಿಗೆ ಹಾಕಿದ್ದೆ. ಹಳದಿ ಹೋಗಬೇಕು ಅಂದರೆ ಬಣ್ಣವನ್ನೇ ತೆಗೆದು ಬರೀ ಬೂದು ಛಾಯೆ ಉಳಿಸಿದರಾಯ್ತಲ್ಲ? ಫೈಲೂ ಚಿಕ್ಕದಾಗುತ್ತೆ. ಮಾಗ್ರಿಫೈಗೆ ಹೇಳಿದೆ: ಬಣ್ಣ ತೆಗಿ, ಕಪ್ಪು-ಬಿಳುಪನ್ನ ಹಿಗ್ಗಿಸು. ಬ್ಯಾಕಪ್? 'ಆಮೇಲೆ ತಗೊಂಡ್ರಾಯ್ತು' ಅನ್ನೋ ಜಾತಿಯವನು ನಾನು. ಫಲಿತಾಂಶ ಮಾತ್ರ ಬೊಂಬಾಟ್. ಎಲ್ಲವೂ ನಿನ್ನೆ ತೊಳೆದ ಹಾಗೆ. ರಾತ್ರಿಯೇ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಪ್ಪಾಳೆಗಳ ಸುರಿಮಳೆ.

ಬೆಳಿಗ್ಗೆ ಆರೂವರೆಗೆ ದೊಡ್ಡಪ್ಪನ ಫೋನು. "ಅಲ್ವೋ, ಅಮ್ಮನ ಫೋಟೋದಲ್ಲಿ ಕುಂಕುಮ ಎಲ್ಲೋ?"

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಎದೆ ಧಸಕ್ ಅಂತು.

ಅಜ್ಜ-ಅಜ್ಜಿಯ ಮದುವೆಯಾದದ್ದು 1961ರಲ್ಲಿ. ಮದುವೆಯಾದ ವಾರಕ್ಕೆ ಶಿವಮೊಗ್ಗದ ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಅದು. ಕಪ್ಪು-ಬಿಳುಪೇ, ಆದರೆ ಸ್ಟುಡಿಯೋದವರು ಪ್ರಿಂಟಿನ ಮೇಲೆ ಕುಂಚದಿಂದ ಬಣ್ಣ ಹಚ್ಚಿದ್ದರು. ಸೀರೆಯ ಅಂಚಿಗೆ ಹಸಿರು, ಕೆನ್ನೆಗೆ ತುಸು ಗುಲಾಬಿ, ಹಣೆಗೆ ಕೆಂಪು ಕುಂಕುಮ. ಆಗೆಲ್ಲ ಹಾಗೆ ಬಣ್ಣ ಹಾಕಿಸುವ ರೂಢಿ ಇತ್ತು. ಅಜ್ಜ ತೀರಿಕೊಂಡಿದ್ದು 1986ರಲ್ಲಿ. ನಮ್ಮ ಮನೆಗೆ ಕಲರ್ ಫೋಟೋ ಬಂದದ್ದು ಮರುವರ್ಷ ಅತ್ತೆಯ ಮದುವೆಯಲ್ಲಿ. ಅಷ್ಟು ಹೊತ್ತಿಗೆ ಅಜ್ಜಿಯ ಹಣೆ ಬರಿದಾಗಿತ್ತು. ಅಂದರೆ ಅಜ್ಜಿಯ ಹಣೆಯಲ್ಲಿ ಕೆಂಪು ಇರುವ ಫೋಟೋ ಇಡೀ ಟ್ರಂಕಿನಲ್ಲಿ ಅದೊಂದೇ. ಅಜ್ಜಿ ಹೋಗಿ ಮೂರು ವರ್ಷವಾಯಿತು. ನಾನಂತೂ ಅವಳನ್ನ ಕುಂಕುಮದಲ್ಲಿ ನೋಡಿದ್ದು ಆ ಫೋಟೋದಲ್ಲಿ ಮಾತ್ರ.

ಈಗ ಅಲ್ಲೊಂದು ಬೂದು ಮಚ್ಚೆ. ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಥರ ಬಡಿಸಿಕೊಂಡು ಹೋದವನಿಗೆ ಆ ಒಂದು ಎಲೆಯ ಮುಂದೆ ನಿಂತು ನೋಡುವ ವ್ಯವಧಾನ ಇರಲಿಲ್ಲ.

ಫೋಟೋ ಊರಲ್ಲಿದೆಯಲ್ಲ, ಇನ್ನೊಂದು ಸಲ ಸ್ಕ್ಯಾನ್ ಮಾಡಿದರಾಯ್ತು ಅಂತ ಶನಿವಾರವೇ ಹೊರಟೆ. ಅಲ್ಲಿ ಇನ್ನೊಂದು ಕಾದಿತ್ತು. ದೀಪಾವಳಿಯಲ್ಲಿ ನಾನು ಆಲ್ಬಮ್ಮಿಂದ ತೆಗೆದದ್ದನ್ನ ನೋಡಿ ಆಸೆಯಾಗಿ ದೊಡ್ಡಪ್ಪ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದರು. ಒಂದು ಮಳೆಗಾಲ ಕಳೆದಿತ್ತು. ಫೋಟೋದ ಮೇಲ್ಪದರದಲ್ಲಿರುವ ಜೆಲಟಿನ್ ತೇವ ಕುಡಿದು ಗಾಜಿಗೇ ಅಂಟಿಬಿಟ್ಟಿತ್ತು. ಎಳೆದರೆ ಮುಖವೇ ಕಿತ್ತು ಬರುತ್ತೆ. ಗಾಜಿನ ಸಮೇತ ಸ್ಕ್ಯಾನರಿನ ಮೇಲಿಟ್ಟೆ. ನನ್ನದು ತೆಳ್ಳಗಿನ ಸಿಐಎಸ್ ಸ್ಕ್ಯಾನರು. ಕಾಗದ ಅದರ ಗಾಜಿಗೆ ತಾಗಿಕೊಂಡಿದ್ದರೆ ಮಾತ್ರ ಸ್ಪಷ್ಟ, ಎರಡು ಮಿಲಿಮೀಟರ್ ಮೇಲೆದ್ದರೂ ಮಸುಕು. ಆಗಲಿಲ್ಲ. ಕೊನೆಗೆ ಅಂಗಳದಲ್ಲಿ, ಮೋಡದ ಬೆಳಕಿನಲ್ಲಿ ಕಟ್ಟನ್ನ ನಿಲ್ಲಿಸಿ, ಗಾಜಿನಲ್ಲಿ ಪ್ರತಿಬಿಂಬ ಬೀಳದ ಹಾಗೆ ಎದುರಿಗೆ ದೊಡ್ಡಮ್ಮ ಕಪ್ಪು ಕಂಬಳಿ ಹಿಡಿದುಕೊಂಡು ನಿಂತರು. ಕಂಬಳಿಯ ಸಂದಿಯಿಂದ ಗೆಳೆಯನ ಕ್ಯಾಮೆರಾದಲ್ಲಿ ನಲವತ್ತು ಸಲ ತೆಗೆದೆ. ಒಂದು ಸರಿಯಾಗಿ ಬಂತು. ಮೊದಲ ಸ್ಕ್ಯಾನಿನಷ್ಟು ಚೆನ್ನಾಗಿಲ್ಲ. ಗಾಜಿನ ಒಂದು ಗೀರು ಅಜ್ಜನ ಭುಜದ ಮೇಲೆ ಹಾದುಹೋಗಿದೆ. ಕುಂಕುಮ ಮಾತ್ರ ಇದೆ. ಆ ಫೋಟೋವನ್ನ ಯಾವ ಬ್ಯಾಚಿಗೂ ಹಾಕಿಲ್ಲ. ಗಿಂಪ್‌ನಲ್ಲಿ ಕೈಯಲ್ಲೇ ತಿದ್ದಿದೆ. ಆರು ನಿಮಿಷವಲ್ಲ, ಮೂರು ಗಂಟೆ ಹಿಡಿಯಿತು.

*

ಕಿರ್ಶ್ ಬೂದುಬಣ್ಣ ಎಸೆದ. ಎಸೆದದ್ದು ಗೊತ್ತಿದ್ದರಿಂದ ಮತ್ತೆ ಮತ್ತೆ ಸ್ಕ್ಯಾನ್ ಮಾಡಿ ವಾಪಸ್ ತಂದ. ಕ್ರಿಸ್ಟಿ ಕೋಟಿಗಟ್ಟಲೆ ಬಣ್ಣದಲ್ಲಿ 256 ಉಳಿಸಿದ. ಯಾವ 256 ಅಂತ ತಲೆಕೆಡಿಸಿಕೊಂಡು, ಕಂಡವರನ್ನ ಕೇಳಿ ಉಳಿಸಿದ. ಜೆಪೆಗ್‌ನವರು ಎಸೆಯೋ ಮುಂಚೆ ಮನುಷ್ಯನ ಕಣ್ಣನ್ನ ಲೆಕ್ಕಕ್ಕೆ ತಗೊಂಡರು. ಚಿತ್ರದ ಸಾಫ್ಟ್‌ವೇರಿನ ಅರವತ್ತೆಂಟು ವರ್ಷದ ಇತಿಹಾಸ ಅಂದರೆ ಏನು ಎಸೆಯಬೇಕು ಅಂತ ಯೋಚಿಸಿದವರ ಇತಿಹಾಸ. ಯೋಚಿಸದೆ ಎಸೆದವನು ನಾನು. ಅವರು ಕೊಟ್ಟ ಉಪಕರಣ ನನಗೆ ವೇಗ ಕೊಟ್ಟಿತು, ಯೋಚನೆಯ ಹೊಣೆ ನನ್ನ ಹತ್ತಿರವೇ ಬಿಟ್ಟಿತ್ತು.

2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಮೂಲ ಚಿತ್ರವನ್ನ ಮುಟ್ಟದೆ ಅದರ ಮೇಲೆ ಫಿಲ್ಟರುಗಳನ್ನ ಹಾಕಿ, ಬೇಡವಾದಾಗ ತೆಗೆಯುವ ಸೌಲಭ್ಯ ಇದೆ. 2009ರಿಂದ ಇರುವ ಡಾರ್ಕ್‌ಟೇಬಲ್ ಕೂಡ ಮೂಲವನ್ನ ಮುಟ್ಟಲ್ಲ. ನಾನೂ ಈಗ ಬುದ್ಧಿ ಕಲಿತು ಒಂದು ಕ್ರಮ ಮಾಡಿಕೊಂಡಿದ್ದೀನಿ. ಸ್ಕ್ಯಾನ್ ಆದ ತಕ್ಷಣ ಮೂಲದ ಫೋಲ್ಡರಿಗೆ ಬೀಗ, ಓದಬಹುದು, ಬರೆಯುವಂತಿಲ್ಲ. ಬೇರೆ ಡಿಸ್ಕಿನಲ್ಲಿ ಒಂದು ಪ್ರತಿ. ಮೂಲ ಟಿಫ್ ಇಲ್ಲಾ ಪಿಎನ್‌ಜಿಯಲ್ಲೇ ಇರಬೇಕು, ಜೆಪೆಗ್ ಹಂಚೋಕೆ ಮಾತ್ರ. ತಿದ್ದಿದ್ದು ಹೋಗೋದು ಬೇರೆ ಫೋಲ್ಡರಿಗೇ. ಬ್ಯಾಚ್ ಓಡಿಸೋ ಮುಂಚೆ ಮಾಂಟಾಜ್‌ನಿಂದ ಹಾಳೆಗೆ ಮೂವತ್ತು ಫೋಟೋದ ಹಾಗೆ ಜೋಡಿಸಿ, ಪ್ರಿಂಟ್ ತೆಗೆದು, ದೊಡ್ಡಪ್ಪನಿಗೆ ಕೊಡ್ತೀನಿ. ಬ್ಯಾಚಿಗೆ ಹಾಕಬಾರದ್ದಕ್ಕೆ ಅವರು ಕೆಂಪು ಪೆನ್ನಲ್ಲಿ ಸುತ್ತು ಹಾಕ್ತಾರೆ. ಹೋದ ಸಲ 412ರಲ್ಲಿ ಹದಿನೇಳಕ್ಕೆ ಸುತ್ತು ಬಿತ್ತು. ಅದರಲ್ಲಿ ಹದಿನೈದರ ಕಾರಣ ನನಗೆ ಗೊತ್ತೇ ಇರಲಿಲ್ಲ. ಒಂದೊಂದಕ್ಕೂ ಒಂದೊಂದು ಕತೆ ಹೇಳಿದರು, ಬರೆದಿಟ್ಟುಕೊಂಡಿದ್ದೀನಿ.

ಈ ಕ್ರಮವನ್ನೇ ಒಂದು ಚಿಕ್ಕ ಸ್ಕ್ರಿಪ್ಟ್ ಮಾಡಿ ಅತ್ತೆಯ ಮಗನಿಗೂ ಕೊಟ್ಟಿದ್ದೀನಿ. ಯಾರಿಗೆ ಬೇಕಾದರೂ ಕೊಡ್ತೀನಿ, ಕೇಳಿ. ರೇವ್ಲಿಂಗ್ ಕ್ರಿಸ್ಟಿಗೆ ಕೊಟ್ಟಿದ್ದಕ್ಕೆ ತಾನೇ ಇದೆಲ್ಲ ನನ್ನ ಕೈಗೆ ಬಂದದ್ದು.

ನಿಮ್ಮ ಮನೆಯ ಅಟ್ಟದಲ್ಲೂ ಒಂದು ಟ್ರಂಕು ಇರುತ್ತೆ. ಈ ಸಲ ಊರಿಗೆ ಹೋದಾಗ ಕೆಳಗಿಳಿಸಿ. ಆದರೆ ಎಂಟರ್ ಒತ್ತುವ ಮುಂಚೆ ಮನೆಯ ಹಿರಿಯರೊಬ್ಬರನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ.